ಉಪವಾಸದ ದಿನದ ಉಪ್ಪು

ವಾಡಿ,
೧೬ ನವೆಂಬರ್ ೨೦೨೫, ರವಿವಾರ

ತಂಗಿ ದ್ರೌಪದಿಗೆ,

ನಿನ್ನ ಸುಂದ್ರಕ್ಕನ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಈ ಕಾಗದ ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನಿಸು. ಅರ್ಧಕ್ಕೆ ಹರಿದು ಒಲೆಗೆ ಹಾಕಬೇಡ. ನಿನ್ನಲ್ಲಿ ಕೇಳಿಕೊಳ್ಳುವುದು ಅಷ್ಟೇ.

ರೈಲಿನಲ್ಲಿ ಕಾಲು ತಾಸಿನ ದಾರಿಯ ಶಹಾಬಾದಕ್ಕೆ ಕಾಗದ ಬರೆಯುವವಳು ಈ ವಾಡಿಯಲ್ಲಿ ನಾನೊಬ್ಬಳೇ ಇರಬೇಕು. ಫೋನು ಇಲ್ಲವೆಂದಲ್ಲ. ಈ ತಿಂಗಳಲ್ಲಿ ನಾಲ್ಕು ಸಲ ಮಾಡಿದ್ದೇನೆ, ನಾಲ್ಕು ಸಲವೂ ನೀನು ಎತ್ತಿದ್ದೀಯ. ನಾನು ನನ್ನ ಮೊಣಕಾಲು, ನಳದ ನೀರು, ಪಕ್ಕದ ಮನೆಯ ಎಮ್ಮೆ ಎಂದು ಊರೆಲ್ಲ ಸುತ್ತಿ, ಹೇಳಬೇಕಾದ ಮಾತಿನ ಹತ್ತಿರ ಬಂದಾಗ ಬ್ಯಾಟರಿ ಮುಗಿಯಿತು ಎಂದು ಇಟ್ಟುಬಿಟ್ಟೆ. ಬ್ಯಾಟರಿ ತುಂಬ ಇತ್ತು. ಬಾಯಿಗೆ ಜಾರಿಕೊಳ್ಳುವುದು ಗೊತ್ತಿದೆ, ಅದಕ್ಕೇ ಇವತ್ತು ಶಾಲೆಯ ನೋಟುಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ನಗಬೇಡ, ನಿನ್ನದೇನು ಮುತ್ತು ಪೋಣಿಸಿದ ಹಾಗಿರಲಿಲ್ಲ.

ಮೊದಲು ಊಟದ ಸುದ್ದಿ ಹೇಳುತ್ತೇನೆ. ಬೆಳಗ್ಗೆ ಶಾಲೆಯ ಅಡುಗೆಮನೆಯ ಬಾಗಿಲು ತೆಗೆಯುವ ಮೊದಲೇ "ಏನ್ ತಿಂದಿ ಅಕ್ಕಾ" ಎಂದು ಕೇಳುತ್ತಿದ್ದವಳು ನೀನು. ನೀನು ಹೋದ ಮೇಲೆ ಆ ಪ್ರಶ್ನೆ ಯಾರೂ ಕೇಳಿಲ್ಲ.

ನಾನೀಗ ಹೋಟೆಲಿಗೆ ಹೋಗುತ್ತೇನೆ. ಹೌದು, ನಾನೇ. ಸ್ಟೇಷನ್ನಿನ ಎದುರಿಗೆ ಗುಲಾಮ ದಸ್ತಗೀರನ ಹೋಟೆಲಿದೆಯಲ್ಲ, ನಾವಿಬ್ಬರೂ ಏಳು ವರ್ಷ ಅದರ ಮುಂದೆಯೇ ಹಾದುಹೋದರೂ ಒಂದು ದಿನ ಒಳಗೆ ಕಾಲಿಡಲಿಲ್ಲ, ಅಲ್ಲಿಗೆ. ಮೊದಮೊದಲು ಪಾರ್ಸಲ್ ಕಟ್ಟಿಸಿಕೊಂಡು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದೆ. ಗಂಡ ಸತ್ತು ಒಂಬತ್ತು ವರ್ಷವಾದ ಹೆಂಗಸು ಗಂಡಸರ ನಡುವೆ ಬೆಂಚಿನ ಮೇಲೆ ಕೂತು ತಿಂದಳೆಂದರೆ ಓಣಿಯವರಿಗೆ ಒಂದು ವಾರಕ್ಕಾಗುವಷ್ಟು ಮಾತು. ಕೊನೆಗೊಂದು ದಿನ ದಸ್ತಗೀರನೇ ಹೇಳಿದ: "ಕುಂದ್ರಿ ಅಕ್ಕಾರ. ಮಿರ್ಚಿ ಭಜಿ ಪಾರ್ಸಲ್ ಕಟ್ಟಿದ್ರ ಮನಿ ಮುಟ್ಟೋದ್ರಾಗ ಮೆತ್ತಗಾಗ್ತದ. ಇಲ್ಲೇ ಬಿಸಿಬಿಸಿ ತಿನ್ರಿ, ಯಾರ್ ಏನಂತಾರ?" ಕೂತೆ. ಯಾರೂ ಏನೂ ಅನ್ನಲಿಲ್ಲ. ಎಲ್ಲರಿಗೂ ತಮ್ಮ ರೈಲಿನದೇ ಚಿಂತೆ.

ಅವನ ಸುಸಲಾ ನೀನು ತಿನ್ನಬೇಕು ದ್ರೌಪದಿ. ಚುರುಮುರಿ ತೀರ ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಉಳ್ಳಾಗಡ್ಡಿ ಅರ್ಧ ಬೆಂದಿರುತ್ತದೆ, ಮೇಲೆ ಪುಟಾಣಿ ಕಡಲೆಯ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡುತ್ತಾನೆ. ಪಕ್ಕಕ್ಕೆ ಎಣ್ಣೆ ಸೋರುವ ಎರಡು ಮಿರ್ಚಿ, ಆಮೇಲೆ ಚಹಾ. ಬೇರೆ ಯಾರೋ ಮಾಡಿ ಮುಂದಿಟ್ಟದ್ದನ್ನು ಕೂತು ತಿನ್ನುವ ಸುಖ ನನಗೆ ಗೊತ್ತಾದದ್ದು ಐವತ್ನಾಲ್ಕನೆಯ ವಯಸ್ಸಿಗೆ. ಗೋಡೆಯ ಕಡೆಯ ಕೊನೆಯ ಮೇಜು ಈಗ ನನ್ನದೇ ಎಂಬಂತಾಗಿದೆ. ಯಾರಾದರೂ ಬಂದು ಎದುರಿನ ಬೆಂಚು ತೋರಿಸಿ "ಇಲ್ಲಿ ಯಾರರೆ ಅದಾರೇನ್ರಿ?" ಎಂದು ಕೇಳಿದರೆ "ಬರ್ತಾರ್ರಿ" ಎಂದು ಸುಳ್ಳು ಹೇಳುತ್ತೇನೆ. ಯಾಕೆ ಹಾಗೆ ಹೇಳುತ್ತೇನೋ ನನಗೇ ತಿಳಿಯದು. ಯಾರೂ ಬರುವುದಿಲ್ಲವೆಂದು ದಸ್ತಗೀರನಿಗೂ ಗೊತ್ತಿದೆ, ಪಾಪ, ಸುಮ್ಮನಿರುತ್ತಾನೆ.

ಮನೆಯಲ್ಲಿ ಮಾಡಿಕೊಳ್ಳುವುದಿಲ್ಲ ಎಂದೇನಿಲ್ಲ. ಆದರೆ ನಲವತ್ತು ಮಕ್ಕಳ ಅಳತೆಗೆ ಬಿದ್ದ ಕೈ ಒಬ್ಬಳ ಅಳತೆಗೆ ಇಳಿಯುವುದಿಲ್ಲ. ಹೋದ ವಾರ ಪುಂಡಿ ಪಲ್ಯ ಮಾಡಿದೆ. ಸೊಪ್ಪು ಕುದಿಸಿ ಹಿಂಡಿ, ತೊಗರಿಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಎಲ್ಲ ಹಾಕಿ, ನೀನು ಮಾಡುವ ಹಾಗೆಯೇ. ಮನೆ ತುಂಬ ಹುಳಿ ವಾಸನೆ ಹರಡಿದಾಗ ಜೀವಕ್ಕೆ ಹಿತವೆನಿಸಿತು. ಇಳಿಸಿ ನೋಡಿದರೆ ನಾಲ್ಕು ಮಂದಿಗಾಗುವಷ್ಟು. ಮೂರು ದಿನ ಅದನ್ನೇ ತಿಂದೆ. ಮೂರನೆಯ ದಿನ ತಟ್ಟೆಯ ಮುಂದೆ ಕೂತು ಅತ್ತೆ. ಪಲ್ಯ ಕೆಟ್ಟಿರಲಿಲ್ಲ, ಚೆನ್ನಾಗಿಯೇ ಇತ್ತು.

ಶಾಲೆಯಲ್ಲಿ ಮಕ್ಕಳು ಉಂಡು ಕೈ ತೊಳೆದ ಮೇಲೆ, ಅಡುಗೆಮನೆಯ ಹಿಂದಿನ ಬೇವಿನ ನೆರಳಲ್ಲಿ ನಾವಿಬ್ಬರು ಕೂರುತ್ತಿದ್ದೆವಲ್ಲ, ಆ ಊಟವೇ ನನ್ನ ಊಟ. ನಿನ್ನ ಡಬ್ಬಿಯ ಪಲ್ಯ, ನನ್ನ ಡಬ್ಬಿಯ ಶೇಂಗಾ ಹಿಂಡಿ. ನಿನ್ನ ಡಬ್ಬಿಗೆ ನಾನು ಕೈ ಹಾಕುವುದನ್ನು ನೋಡಿ ನನ್ನ ನಾದಿನಿ ಮೂಗು ಮುರಿದಿದ್ದಳು. ಅವತ್ತಿನಿಂದ ನಾನು ಬೇಕೆಂದೇ ಎರಡು ತುತ್ತು ಜಾಸ್ತಿ ತಿನ್ನುತ್ತಿದ್ದೆ. ಅಷ್ಟು ಧೈರ್ಯದವಳು ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು.

ಈಗ ಮಕ್ಕಳು ಇಪ್ಪತ್ತಮೂರೇ. ಒಬ್ಬಳೇ ಅಟ್ಟು, ಬಡಿಸಿ, ಪಾತ್ರೆ ತಿಕ್ಕಿ ಬರುತ್ತೇನೆ. ಬೇವಿನ ನೆರಳಿಗೆ ಹೋಗುವುದು ಬಿಟ್ಟಿದ್ದೇನೆ.

ನೋಡು, ಮತ್ತೆ ಸುತ್ತುತ್ತಿದ್ದೇನೆ. ಇನ್ನು ಹೇಳಿಬಿಡುತ್ತೇನೆ.

ದಸರೆಗೆ ಮುಂಚೆ ಒಂದು ದಿನ ಹೋಟೆಲಿನಲ್ಲಿ ಪಕ್ಕದ ಮೇಜಿಗೆ ವಿಠೋಬಾ ಎಂಬಾತ ಕೂತಿದ್ದ. ದಿನವೂ ರೈಲಿಗೆ ಶಹಾಬಾದಕ್ಕೆ ಹೋಗಿ ಕಲ್ಲು ಪಾಲಿಶ್ ಮಾಡುವವನು. ಜೊತೆಯವರಿಗೆ ನಿನ್ನ ಖಾನಾವಳಿಯ ಸುದ್ದಿ ಹೇಳುತ್ತಿದ್ದ. ನೀನು ಖಾನಾವಳಿ ಇಟ್ಟದ್ದು ನನಗೆ ಗೊತ್ತಾದದ್ದೇ ಆಗ. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಆ ಅಡುಗೆಯವಳು ನನ್ನ ತಂಗಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೆಂದ: "ರೊಟ್ಟಿ ಭಾಳ ಚಂದ ಮಾಡ್ತಾಳ್ರಿ ಆ ಹೆಣ್ಮಗಳು. ಖರೆ ಪಲ್ಯಾಕ ಉಪ್ಪ ಹಾಕಂಗಿಲ್ಲ. ಮೇಜಿನ ಮ್ಯಾಲ ಡಬ್ಬಿ ಇಟ್ಟಾಳ, ಎಷ್ಟು ಬೇಕೋ ನೀವೇ ಹಾಕ್ಕೋರಿ ಅಂತಾಳ. ಯಾಕಂತ ಕೇಳಿದ್ರ, ಉಪ್ಪಿನ ವಿಷಯದಾಗ ನನ್ನ ಕೈ ಮ್ಯಾಗ ನನಗ ಭರೋಸಾ ಇಲ್ರಿ ಅಂತಾಳ." ಎಲ್ಲರೂ ನಕ್ಕರು. ನಾನು ತಿನ್ನುತ್ತಿದ್ದ ಮಿರ್ಚಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ದ್ರೌಪದಿ, ನಿನ್ನ ಕೈ ಏನೂ ತಪ್ಪಿರಲಿಲ್ಲ. ಹೋದ ವರ್ಷ ಶ್ರಾವಣದ ಆ ಸೋಮವಾರ ಸಾಂಬಾರಿಗೆ ಎರಡನೆಯ ಸಲ ಉಪ್ಪು ಹಾಕಿದವಳು ನಾನು.

ಸೋಮವಾರ ನನ್ನ ಉಪವಾಸ, ಹಾಗಾಗಿ ಆ ದಿನ ಉಪ್ಪು ಹಾಕುವುದೂ ರುಚಿ ನೋಡುವುದೂ ನಿನ್ನ ಕೆಲಸವೆಂದು ನಾವೇ ಮಾಡಿಕೊಂಡ ಪದ್ಧತಿ. ಉಳಿದೆಲ್ಲ ದಿನ ನಾನು ಹಾಕುತ್ತಿದ್ದೆ, ನೀನು ರುಚಿ ನೋಡುತ್ತಿದ್ದೆ. ಅವತ್ತು ನೀನು ಉಪ್ಪು ಹಾಕಿ ರುಚಿ ನೋಡಿ, ನಳ ಬಂತೆಂದು ಕೊಡ ಹಿಡಿದು ಹೊರಗೆ ಹೋದೆ. ಸಾಂಬಾರು ಕುದಿಯುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ತಾನೇ ಡಬ್ಬಿಗೆ ಹೋಗಿ, ದಿನದ ಹಾಗೆಯೇ ಹಾಕಿಬಿಟ್ಟಿತು. ಹಾಕಿದ ಮೇಲೆ ನೆನಪಾಯಿತು, ಇವತ್ತು ಸೋಮವಾರ. ಒಂದು ಹನಿ ನಾಲಿಗೆಗೆ ಮುಟ್ಟಿಸಿದ್ದರೆ ಗೊತ್ತಾಗುತ್ತಿತ್ತು. ಉಪವಾಸ ಕೆಡುತ್ತದೆಂದು ಮುಟ್ಟಿಸಲಿಲ್ಲ. ನೀನು ಬಂದ ಮೇಲೆ ಕೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ರುಚಿ ನೋಡಿದ ಬಗ್ಗೆ ಸಹಿ ಮಾಡುವ ರಿಜಿಸ್ಟರ್ ಬಂತು. "ರುಚಿ ನೋಡಿದೆ, ಸರಿ ಇದೆ" ಎಂದು ಬರೆದು ಸಹಿ ಮಾಡಿದೆ. ನೀನು ಕೊಡ ಹೊತ್ತು ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಮಕ್ಕಳು ಥೂ ಥೂ ಎಂದು ಉಗುಳಿದಾಗ ನೀನು ನನ್ನ ತೋಳು ಹಿಡಿದು ಕೇಳಿದೆ, "ಅಕ್ಕಾ, ನೀ ಹಾಕಿದೇನು?" ನಾನು ಏನೆಂದೆ ನೆನಪಿದೆಯೇ? "ಉಪವಾಸದ ದಿನ ನಾ ಉಪ್ಪ ಮುಟ್ತೀನೇನು?" ಎಂದೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ. ನೀನು ನಂಬಿದೆ. "ಹಂಗಾದ್ರ ನಾನೇ ಎರಡು ಸಲ ಹಾಕೀನೇನೋ" ಎಂದು ಅತ್ತೆ. ನಾನು ನಿನ್ನ ತಲೆ ಸವರಿ "ಹೋಗ್ಲಿ ಬಿಡು, ಆಗ್ತದ" ಎಂದೆ. ನನ್ನ ತಪ್ಪಿಗೆ ನಾನು ನಿನ್ನನ್ನು ಕ್ಷಮಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಬೇರೆ. ನೀನು ಅಡುಗೆಗೆ ಬಂದ ದಿನದಿಂದ ಮುಖ ಸಿಂಡರಿಸುತ್ತಿದ್ದ ಮೂರ್ನಾಲ್ಕು ಮನೆಯವರಿದ್ದರಲ್ಲ, ನಿನ್ನ ಜಾತಿ ಹಿಡಿದು ಬಾಯಿಬಿಟ್ಟು ಆಡಲು ಅವರಿಗೆ ಕಾನೂನಿನ ಹೆದರಿಕೆ. ಆ ಸೋಮವಾರ ಅವರಿಗೆ ಒಂದು ನೆಪ ಸಿಕ್ಕಿತು. "ಆಕಿ ಕೈ ಸರಿ ಇಲ್ಲ" ಎಂದು ಅರ್ಜಿ ಕೊಟ್ಟರು. ಅವರ ಮನಸ್ಸಿನಲ್ಲಿ ಇದ್ದದ್ದೇನೆಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಕ್ಕಳ ಸಂಖ್ಯೆ ಇಳಿದು, ದೀಪಾವಳಿಯ ನಂತರ ಇಬ್ಬರಲ್ಲಿ ಒಬ್ಬರೇ ಸಾಕು ಎಂದಾದಾಗ ಆ ಅರ್ಜಿ ಮೇಲೆ ಬಂತು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೆಲಸ ಹೋದರೆ ಒಂಟಿ ಹೆಂಗಸು ಏನು ಮಾಡಲಿ ಎಂದುಕೊಂಡೆ. ಒಂಟಿತನಕ್ಕೆ ಹೆದರಿ ನಿನ್ನನ್ನು ಕಳಿಸಿಕೊಟ್ಟೆ, ಈಗ ಅದರಲ್ಲೇ ಕೂತಿದ್ದೇನೆ.

ನಿನ್ನೆ ಶಾಲೆ ಬಿಟ್ಟ ಮೇಲೆ ನಮ್ಮ ಹೆಡ್ ಮೇಡಂ ದೇವಿಕಾ ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು "ಆಕಿಗಿ ಹೇಳೀರೇನು?" ಎಂದರು. ಇಲ್ಲ ಎಂದೆ. "ಮತ್ತ ನನಗ್ಯಾಕ ಮೊದಲ ಹೇಳ್ಲಿಕತ್ತೀರಿ ಸುಂದರಬಾಯಿ?" ಎಂದರು. ಹೇಳಿದ್ದನ್ನೆಲ್ಲ ನನ್ನ ಕೈಯಿಂದಲೇ ಬರೆಸಿಕೊಂಡು ಆ ಹಾಳೆಯನ್ನು ಅರ್ಜಿಯ ಜೊತೆಗೆ ಇಟ್ಟಿದ್ದಾರೆ. ಬರುವ ಶನಿವಾರ ಪಾಲಕರ ಸಭೆ ಇದೆ. ಅರ್ಜಿ ಕೊಟ್ಟವರೆಲ್ಲ ಬರುತ್ತಾರೆ. ಅವರೆದುರು ಎದ್ದು ನಿಂತು ಹೇಳುತ್ತೇನೆ. ಆಮೇಲೆ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಮೇಡಂ ಕೂಡ ಹೇಳಲಿಲ್ಲ.

ಕ್ಷಮಿಸು ಎಂದು ನಾನು ಬರೆಯುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಈ ಕಾಗದ ಮುಟ್ಟಿದ ದಿನ, ಪಲ್ಯ ಒಲೆಯ ಮೇಲಿರುವಾಗ, ನಿನ್ನ ಕೈಯಾರೆ ಉಪ್ಪು ಹಾಕು. ನಲವತ್ತು ಮಕ್ಕಳು ಏಳು ವರ್ಷ ತಟ್ಟೆ ನೆಕ್ಕಿ ಉಂಡದ್ದು ನಿನ್ನ ನಾಲಿಗೆಯ ಮೇಲಿನ ನಂಬಿಕೆಯಿಂದ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಬೈಯಿ, ಇನ್ನು ಮುಂದೆ ಫೋನು ಎತ್ತಬೇಡ. ನಿನ್ನ ಕೈಯನ್ನು ಮಾತ್ರ ಅನುಮಾನಿಸಬೇಡ.

ನಿನ್ನ ಗಂಡ ರಾಮಲಿಂಗನಿಗೆ ನನ್ನ ಜೈಭೀಮ ತಿಳಿಸು. ಅವನಿಗೆ ಈ ಕಾಗದ ಓದಿ ಹೇಳುವುದು ಬಿಡುವುದು ನಿನ್ನ ಇಷ್ಟ. ಅವನು ನನ್ನನ್ನು ಬೈದರೆ ತಡೆಯಬೇಡ.

ಇಂತಿ,
ನಿನ್ನ ಅಕ್ಕ ಎನಿಸಿಕೊಂಡಿದ್ದ
ಸುಂದರಬಾಯಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನೂ ಮುಚ್ಚಿಟ್ಟರೆ ಬರೆದದ್ದೆಲ್ಲ ದಂಡ. ಹೋದ ರವಿವಾರ ನಾನು ಶಹಾಬಾದಕ್ಕೆ ಬಂದಿದ್ದೆ. ಎದುರಿಗೇ ಹೇಳಬೇಕೆಂದು ಬಂದವಳು, ಸೆರಗು ಮುಖಕ್ಕೆಳೆದು ನಿನ್ನ ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಬಡಿಸುವ ಹೆಣ್ಣುಮಗಳಿಗೆ ನನ್ನ ಗುರುತಿರಲಿಲ್ಲ. ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಎದುರಿಗಿದ್ದ ಡಬ್ಬಿಗೆ ಕೈ ಹಾಕಲು ನನಗೆ ಮುಖವಿರಲಿಲ್ಲ. ಸಪ್ಪೆಯನ್ನೇ ಪೂರ್ತಿ ತಿಂದು, ಒಂದು ಮಾತೂ ಆಡದೆ ಎದ್ದೆ. ಬಾಗಿಲು ದಾಟುವಾಗ ಆ ಹೆಣ್ಣುಮಗಳು ಒಳಗೆ ಕೂಗಿ ಹೇಳಿದ್ದು ಕೇಳಿಸಿತು: "ಅಕ್ಕಾ, ಇವತ್ತ ಒಬ್ಬಾಕಿ ಉಪ್ಪ ಹಾಕ್ಕೊಳ್ಳಾರದೆ ತಟ್ಟಿ ಖಾಲಿ ಮಾಡ್ಯಾಳ ನೋಡು." ನೀನು ನಕ್ಕೆ. ವರ್ಷದ ಮೇಲೆ ನಿನ್ನ ನಗು ಕೇಳಿದೆ. "ಅಂತೂ ಒಬ್ಬರಿಗರೆ ನನ್ನ ಕೈರುಚಿ ಹತ್ತಿತಲ್ಲ" ಎಂದೆ ನೀನು. ಆ ಒಬ್ಬಾಕಿ ನಾನು, ದ್ರೌಪದಿ.