ಮಾವನ ಬಲೆಯ ಕಣ್ಣು

ಏಪ್ರಿಲ್ ೧೭, ಗುರುವಾರ

ಮೀನುಗಾರಿಕೆ ಇಲಾಖೆಯ ಎಣಿಕೆಗೆ ಇವತ್ತೂ ಅಳಿವೆಯಲ್ಲಿ ಸಿಕ್ಕಿದ್ದು ಹನ್ನೊಂದೇ ಮರಿಮೀನು. ಹೋದ ವರ್ಷ ಇದೇ ವಾರ, ಇದೇ ಜಾಗದಲ್ಲಿ ನಾನೂರು ಎಣಿಸಿದ್ದೆ. ಸಮುದ್ರದಿಂದ ಬಂದು ಇಲ್ಲಿ ಬೆಳೆಯುವ ಮರಿಗಳನ್ನು ಯಾರೋ ಸಣ್ಣ ಕಣ್ಣಿನ ಬಲೆಯಲ್ಲಿ ಬಾಚುತ್ತಿದ್ದಾರೆ ಎಂದು ವಾರದಿಂದ ಅನುಮಾನ. ಯಾರೋ ಏನು, ಎಣಿಕೆಗೆ ಹೋಗುವಾಗ ನನ್ನ ದೋಣಿ ನಡೆಸುವ ಸೋದರಮಾವನ ಮೇಲೆಯೇ ಅನುಮಾನ.

ಮಧ್ಯಾಹ್ನ ಅವರು ಮಲಗಿದ್ದಾಗ ಹಿತ್ತಿಲಿಗೆ ಹೋಗಿ ಬಲೆಯ ಕಣ್ಣುಗಳನ್ನು ಅಳೆದೆ. ಒಂದೂ ಸಣ್ಣದಿರಲಿಲ್ಲ. ತಿರುಗಿದರೆ ಮಾವ ಬಾಗಿಲಲ್ಲಿ ನಿಂತಿದ್ದರು.

"ಬಲೆ ಅಳೆದಾಯ್ತಾ? ನೀರು ಅಳೆದ್ಯಾ?" ಎಂದರು.

"ಮೂವತ್ತನಾಲ್ಕು ಡಿಗ್ರಿ ತೋರಿಸ್ತು ಮಾವ. ಮೀಟರ್ ಕೆಟ್ಟಿರಬೇಕು ಅಂದ್ಕೊಂಡೆ."

"ನೀರು ಸುಡ್ತಿದೆ ಅಂತ ತಿಂಗಳಿಂದ ಬಡ್ಕೋತಿದೀನಿ. ಕೇಳಿಸ್ಕೊಂಡ್ಯಾ?"

ಸಂಜೆ ಆಫೀಸಿನಿಂದ ಬೇರೆ ಮೀಟರ್ ತಂದು ದೋಣಿಯಿಂದ ನೀರಿಗೆ ಇಳಿಬಿಟ್ಟೆ. ಅದೂ ಮೂವತ್ತನಾಲ್ಕು, ಹೋದ ವರ್ಷಕ್ಕಿಂತ ನಾಲ್ಕು ಹೆಚ್ಚು. ಈ ಬಿಸಿಯಲ್ಲಿ ಮರಿಗಳು ನಿಲ್ಲುವುದಿಲ್ಲ. ಮಾವ ಹುಟ್ಟು ಹಾಕುತ್ತಿದ್ದರು. ತಪ್ಪಾಯಿತು ಎನ್ನುವ ಬದಲು ನಾನು ಅಂಕಿ ಬರೆದುಕೊಂಡೆ.

ಬರೆಯಲು ನಾಚಿಕೆ, ಆದರೂ ತಲೆಯೊಳಗಿನ ಹುಳ ಸತ್ತಿಲ್ಲ. ಅವರ ಹತ್ತಿರ ಇನ್ನೊಂದು ಬಲೆ ಇದ್ದರೆ? ದೋಣಿಯ ತಳದ ಹಲಗೆ ಎತ್ತಿ ನೋಡಿಲ್ಲ. ನಾಳೆ ಬೆಳಿಗ್ಗೆ ಅವರಿಗಿಂತ ಮೊದಲು ಹೋದರೆ…