ಎಡಗಡೆಯ ಲಾಟೀನು

ಮನೆ, ಊಟದ ಮೇಜಿನಿಂದ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಅರವತ್ತು ಜನಕ್ಕೆ ಬೇಯಿಸಿ ಹಾಕುವವಳು ಸಂಜೆಯಾದರೂ ಕಾಲು ಮೇಲೆತ್ತಿ ಕೂರು. ಆ ಕ್ಯಾಪ್ಟನ್ನಿಗೆ ಎರಡನೇ ಸಲ ಕಾಫಿ ಬೇಕಿದ್ದರೆ ಅವನೇ ಮಾಡಿಕೊಳ್ಳಲಿ. ಮುಂದಿನ ಬಂದರಿನಲ್ಲಿ ಈ ಪತ್ರ ನಿನ್ನ ಕೈಸೇರುತ್ತದಂತೆ. ನಡುಕಡಲಲ್ಲಿ ನಿನ್ನ ಫೋನು ಸತ್ತಿರುತ್ತದೆ. ಸಿಕ್ಕರೂ ನಿನ್ನ ದನಿ ಕೇಳಿದ ಕೂಡಲೇ ನಾನು ಅತ್ತುಬಿಡುತ್ತೇನೆ, ಬಟಾಣಿ ಪಕ್ಕದಲ್ಲೇ ಇರುತ್ತಾಳೆ. ಎಂಟು ವರ್ಷದ ಮಗಳೆದುರು ಅಳುವುದು ನನಗೆ ಬೇಡ.

ನನಗೆ ಭಯವಾಗಿದೆ ಅಕ್ಕಾ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಪತ್ರಿಕೆಗೆ ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುವುದನ್ನು ನೀನು ಯಾವತ್ತಾದರೂ ಕೆಲಸ ಅಂತ ಒಪ್ಪಿಕೊಂಡಿದ್ದೀಯಾ? ‘ಮಗು ಹೆತ್ರೂ ಆಟ ಬಿಡಲಿಲ್ವಲ್ಲೇ ಕೋತಿ’ ಅನ್ನುತ್ತಿದ್ದೆ ನೀನು. ನಾವಿಬ್ಬರೇ ಇರುವ ಈ ಮನೆ ನಡೆಯುವುದು ಅದರಿಂದಲೇ. ಪ್ರತಿ ಆಟವನ್ನೂ ಎರಡು ಸಲ ಆಡುತ್ತೇನೆ: ಬಟಾಣಿ ಶಾಲೆಯಲ್ಲಿದ್ದಾಗ ಒಬ್ಬಳೇ, ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ರಕ್ತಗಿಕ್ತ ಇದ್ದರೆ ಸಂಜೆಯ ಪಾಳಿ ರದ್ದು. ಅವಳು ಆಕಳಿಸಿದರೆ ಆ ಆಟಕ್ಕೆ ಒಂದು ಅಂಕ ಕಡಿಮೆ.

ಈಚೆಗೆ ಮೂರು ಆಟಗಳನ್ನು ಹಿಗ್ಗಾಮುಗ್ಗಾ ಬೈದು ಬರೆದೆ. ಮೂರರಲ್ಲೂ ಒಂದೇ ದೂರು: ಶತ್ರುಗಳು ಎಡಗಡೆಯಿಂದ ಯಾವ ಸೂಚನೆಯೂ ಇಲ್ಲದೆ ಧುತ್ತೆಂದು ಬಂದು ಹೊಡೆಯುತ್ತಾರೆ, ಇದು ಆಟವಲ್ಲ, ಮೋಸ. ‘ಮೇಡಂಗೆ ವಯಸ್ಸಾಯ್ತು’ ಎಂದು ಓದುಗನೊಬ್ಬ ಬರೆದ. ಅವನಿಗೆ ನಾನು ಕೊಟ್ಟ ಉತ್ತರವನ್ನು ನೀನು ಓದದಿರುವುದೇ ವಾಸಿ. ಕಳೆದ ವಾರ ಮೂರನೇ ಆಟ ತಯಾರಿಸಿದ ಹುಡುಗಿ ಬಹಳ ಮರ್ಯಾದೆಯಿಂದ ಬರೆದಳು: ‘ನೀವು ಸೋತ ಜಾಗದಲ್ಲಿ ಕಾವಲುಗಾರ ಲಾಟೀನು ಹಿಡಿದು ಆರು ಸೆಕೆಂಡು ನಿಂತಿರ್ತಾನೆ, ದಯವಿಟ್ಟು ಇನ್ನೊಂದ್ಸಲ ನೋಡಿ.’ ನನ್ನ ಕೋಪ ಗೊತ್ತಲ್ಲ, ಮೂಗಿನ ತುದಿಯಲ್ಲೇ. ನಾನು ಆಡಿದ್ದೆಲ್ಲ ರೆಕಾರ್ಡ್ ಆಗಿರುತ್ತದೆ; ಅವಳ ಬಾಯಿ ಮುಚ್ಚಿಸೋಣ ಎಂದು ಟಿವಿಗೆ ಹಾಕಿದೆ. ಕಾವಲುಗಾರನೂ ಇಲ್ಲ, ಲಾಟೀನೂ ಇಲ್ಲ. ಸಾಕ್ಷಿಗೆ ಬಟಾಣಿಯನ್ನು ಕರೆದೆ. ‘ಅಲ್ಲೇ ಇದ್ದಾನಲ್ಲಮ್ಮಾ’ ಎಂದಳು. ಮತ್ತೆ ಹಾಕಿದೆ, ಮತ್ತೆ ಇಲ್ಲ. ಆಗ ಅವಳು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಎಡಕ್ಕೆ ತಿರುಗಿಸಿದಳು. ಇದ್ದ, ಅಕ್ಕಾ. ಕುಂಬಳಕಾಯಿ ಗಾತ್ರದ ಕೆಂಪು ಲಾಟೀನು ಹಿಡಿದು ನಿಂತಿದ್ದ.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಬಿಳಿ ಬೋಗುಣಿಯಂಥದ್ದರ ಎದುರು ಗಲ್ಲ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಗುಂಡಿ ಒತ್ತುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ಚೆನ್ನಾಗಿಯೇ ಆಡಿದೆ ಅಂದುಕೊಂಡು ಎದ್ದೆ. ಡಾಕ್ಟರ ಕೈಯಲ್ಲಿದ್ದ ಕಾಗದದಲ್ಲಿ ಎಡ ಅರ್ಧ ಪೂರ್ತಿ ಕಪ್ಪು, ಎರಡೂ ಕಣ್ಣಿನದೂ. ‘ಕಣ್ಣು ಚೆನ್ನಾಗೇ ಇದೆ. ಅದರ ಹಿಂದೆ ಏನಾಗಿದೆ ಅಂತ ನೋಡ್ಬೇಕು’ ಎಂದರು. ಹಿಂದೆ ಅಂದರೆ ಮಿದುಳು ತಾನೇ? ನಾಳೆ ಹತ್ತು ಗಂಟೆಗೆ ತಲೆಯ ಸ್ಕ್ಯಾನ್. ಡಾಕ್ಟರ ಹತ್ತಿರ ಹೋದ ದಿನದಿಂದ ಸ್ಕೂಟರ್ ಮುಟ್ಟಿಲ್ಲ. ಎಡಗಡೆ ಕತ್ತಲೆಯಾದರೂ ಕಂಡಿದ್ದರೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ಕತ್ತಲೆಯೂ ಇಲ್ಲ, ಎಲ್ಲ ಸರಿಯಾಗಿಯೇ ಇದ್ದಂತೆ ಇದೆ. ಇನ್ನೇನೇನು ಕಾಣದೆ ಬಿಟ್ಟಿದ್ದೇನೋ. ಬಟಾಣಿಗೆ ನಾನೊಬ್ಬಳೇ ಇರುವುದು ಅಕ್ಕಾ.

ಆಟ ತಯಾರಿಸಿದ ಆ ಹುಡುಗಿಗೆ ಕ್ಷಮೆ ಕೇಳಿ ಬರೆದೆ, ಮೂರೂ ವಿಮರ್ಶೆ ವಾಪಸು ತೆಗೆದುಕೊಂಡೆ. ನೀನು ಗಾಬರಿಯಾಗಬೇಡ. ನಿನ್ನ ಕೆಲಸ ಇನ್ನು ಐದು ತಿಂಗಳಿದೆ, ಮುಗಿಸಿಕೊಂಡೇ ಬಾ. ನಾಳೆ ಪಕ್ಕದ ಮನೆಯ ಟೈಲರಮ್ಮ ಜೊತೆಗೆ ಬರುತ್ತಾರೆ. ಅಮ್ಮನಿಗೆ ಹೊಸ ಕನ್ನಡಕ ಬೇಕಂತೆ ಎಂದು ಬಟಾಣಿಗೆ ಹೇಳಿದ್ದೇನೆ, ನಂಬಿದ್ದಾಳೆ.

ದೊಡ್ಡಮ್ಮನಾದ ನಿನಗೆ ಅವಳ ಮುತ್ತು, ನನ್ನ ನಮಸ್ಕಾರ. ಕಾಲಿಗೆ ಮರೆಯದೆ ಎಣ್ಣೆ ಹಚ್ಚಿಕೋ.

ನಿನ್ನ
ಕೋತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬಟಾಣಿಯನ್ನು ಶಾಲೆಯಿಂದ ಕರೆತಂದೆ. ಇವಳು ನನ್ನ ಬಲಗಡೆ, ಬಸ್ಸು ಲಾರಿ ಓಡುವ ಕಡೆಯೇ ನಡೆಯುತ್ತಿದ್ದಾಳೆ. ಎಡಕ್ಕೆ ಬಾ, ಗೋಡೆಯ ಕಡೆ ನಡಿ ಎಂದು ಗದರಿದೆ. ‘ಆ ಕಡೆ ಬಂದ್ರೆ ನಾನು ನಿಂಗೆ ಕಾಣ್ಸಲ್ವಲ್ಲಮ್ಮಾ’ ಎಂದಳು. ಯಾವಾಗಿನಿಂದ ಹೀಗೆ ಎಂದೆ. ‘ನನ್ನ ಹುಟ್ಟಿದ ಹಬ್ಬದಿಂದ’ ಎಂದಳು. ಅದಾಗಿ ನಾಲ್ಕು ತಿಂಗಳಾಯಿತು. ಅಕ್ಕಾ, ಐದು ತಿಂಗಳು ನನ್ನಿಂದಾಗುವುದಿಲ್ಲ. ಈ ಕಾಗದ ಸಿಕ್ಕ ಬಂದರಿನಲ್ಲೇ ಇಳಿದು ಬಂದುಬಿಡು.