ತುದಿ ಹೋದ ಬೂಟು

ರೀ,

ಬಚ್ಚಲಲ್ಲಿ ಬಕೆಟ್ಟಿನ ಹಿಂದೆ ನೀವು ಬಚ್ಚಿಟ್ಟಿದ್ದ ಬೂಟು ಸಿಕ್ಕಿತು. ಪಾರ್ಕಲ್ಲಿ ನೀವು ಹುಲ್ಲು ಕತ್ತರಿಸೋ ಮಷೀನು ಅದರ ತುದೀನೇ ಕೊಯ್ದು ಹಾಕಿದೆ. ನನ್ನ ಹತ್ರ ಮಾತ್ರ "ಹೊಲಿಗೆ ಬಿಟ್ಟಿದೆ ಕಣೇ" ಅಂದ್ರಿ. ಯಾರ ಕಿವಿ ಮೇಲೆ ಹೂವಿಡ್ತೀರಿ?

ಹುಲ್ಲು ಹೂ ಬಿಡೋ ಕಾಲದಲ್ಲಿ ನಿಮಗೆ ಸೀನು ನಿಲ್ಲಲ್ಲ, ಗೊತ್ತು. ಅದಕ್ಕೆ ನಿದ್ದೆ ಬರಿಸೋ ಆ ಸೀನಿನ ಮಾತ್ರೆ ನುಂಗಿ ಮಷೀನು ಹಿಡಿಯೋದಾ? ಅದು ರಾತ್ರಿಗೆ ಮಾತ್ರ ಅಂತ ಡಾಕ್ಟರು ಒತ್ತಿ ಹೇಳಿದ್ರಲ್ಲ! ಆ ಡಬ್ಬಿ ನನ್ನ ಬ್ಯಾಗಲ್ಲಿದೆ, ಹುಡುಕಬೇಡಿ. ಹಗಲಿನ ಮಾತ್ರೆ ಟೀ ಲೋಟದ ಪಕ್ಕ ಇದೆ.

ಮಾಸ್ಕು ಒಗೆದಿದ್ದೀನಿ, ಅದಿದ್ರೆ ಸೀನೂ ಕಮ್ಮಿ, ಆ ಮಾತ್ರೇನೂ ಬೇಡ. ಹಾಕ್ಕೊಂಡ್ರೆ ಜೊತೆಯವರು ನಗ್ತಾರಂತೆ. ನಗಲಿ. ಬೆರಳು ಹೋದ್ರೆ ಅವರು ತಂದ್ಕೊಡ್ತಾರಾ?

ಸಂಜೆ ಆ ಹುಲ್ಲು ಮೆತ್ತಿದ ಅಂಗಿ ಹೊರಗೇ ಬಿಚ್ಚಿ. ಅದರಲ್ಲೇ ದಿಂಬಿಗೆ ಒರಗಿದ್ರೆ ಜಗಲಿಗೇ ಹಾಸಿಗೆ ಹಾಕ್ತೀನಿ.

ನಾನು ಕೆಲಸದಿಂದ ಬರೋವಾಗ ಹೊಸ ಬೂಟು ತರ್ತೀನಿ. ಇವತ್ತು ಮಷೀನು ಮುಟ್ಟದೆ ಗಿಡಕ್ಕೆ ನೀರು ಬಿಡಿ. ಹಳೇ ಬೂಟು ಬಿಸಾಕಲ್ಲ, ಬಾಗಿಲ ಹತ್ರಾನೇ ಇಟ್ಟಿದ್ದೀನಿ. ಹೋಗೋ ಮುಂಚೆ ಒಂದು ಸಲ ಕಾಲು ತೂರಿಸಿ, ಹೊರಗೆ ಕಾಣೋ ಹೆಬ್ಬೆರಳು ನೋಡ್ಕೊಳ್ಳಿ.

ನಾನು ಆಗಲೇ ನೋಡಿದೆ. ನೀವಿನ್ನೂ ಗೊರಕೆ ಹೊಡೀತಿದ್ರಿ. ಹೊದಿಕೆ ಸರಿಸಿ, ಎರಡು ಕಾಲಿನ ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದೆ.